ಕೊಟ್ಟಿಗೆಹಾರದ ಹುಳಗಳು

— ದೊಡ್ಡಪ್ಪ, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀರಿ? ಬೇಜಾರಾಯ್ತಾ?

— ಬೇಜಾರಲ್ಲ ಮಾರಾಯ್ತಿ. ಬೆಳಿಗ್ಗೆ ತಿಂಡಿ ತಿನ್ನೋಕೂ ಬಿಡದೆ ಮಲ್ಲಂದೂರಿಂದ ಹೊರಡಿಸಿದೆ. ಚಿಕ್ಕಮಗಳೂರು ದಾಟಿ, ಮೂಡಿಗೆರೆ ದಾಟಿ, ಬಣಕಲ್ ದಾಟಿ ಚಾರ್ಮಾಡಿ ಘಾಟಿಯ ತಲೆ ಮೇಲೆ ಬಂದು ನಿಂತ್ವಿ. ತೇಜಸ್ವಿಯವರ ಮ್ಯೂಸಿಯಂ ಅಂದೆ. ಅವರ ಕೋವಿ, ಗಾಳ, ಕ್ಯಾಮೆರಾ, ಸ್ಕೂಟರು ಎಲ್ಲ ಸಾಲಾಗಿ ಇಟ್ಟಿರ್ತಾರೆ ಅಂತ ನನ್ನ ಲೆಕ್ಕ. ಒಳಗೆ ಹೋದರೆ ಹುಳ! ಹುಳ ನೋಡೋಕೆ ಇಷ್ಟು ಡೀಸೆಲ್ ಸುಟ್ಟು ಬರಬೇಕಾ? ನಮ್ಮ ತೋಟದಲ್ಲಿ ಇಲ್ಲದ ಹುಳವಾ?

— ತೋಟದಲ್ಲಿ ಇವೆ ಸರಿ. ನೀವು ನೋಡಿದ್ದೀರಾ?

— ನೋಡದೆ ಏನು? ಬೋರರ್ ಒಂದರ ಜಾತಕ ಬೇಕಾದರೆ ಹೇಳ್ತೀನಿ. ಅರೇಬಿಕ ಗಿಡದ ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತೆ. ಮರಿ ಕಾಂಡ ಕೊರೆದುಕೊಂಡು ಒಳಗೆ ಹೋಗಿ ಕೂರುತ್ತೆ. ಹೊರಗೆ ಕಾಂಡದ ಮೇಲೆ ಬಳೆ ಬಳೆಯಾಗಿ ಉಬ್ಬು ಕಂಡರೆ ಗಿಡ ಹೋಯ್ತು ಅಂತಲೇ ಲೆಕ್ಕ. ಏಪ್ರಿಲ್, ಮೇನಲ್ಲಿ ಒಂದು ಸಲ, ಅಕ್ಟೋಬರಿಂದ ಡಿಸೆಂಬರ್ ತನಕ ಇನ್ನೊಂದು ಸಲ ರೆಕ್ಕೆ ಬಂದು ಹೊರಗೆ ಹಾರುತ್ತೆ. ಅದು ಹಾರೋದರೊಳಗೆ ಗಿಡ ಕಿತ್ತು ಸುಡಬೇಕು. ನಮ್ಮಪ್ಪ ಸುಟ್ಟ, ನಾನು ಸುಟ್ಟೆ, ಈಗ ನಿಮ್ಮಣ್ಣ ಸುಡ್ತಾ ಇದಾನೆ. ಕಾಫಿ ಬೋರ್ಡಿನವರು ತೊಗಟೆ ಉಜ್ಜಿ ಅಂದರು, ಸುಣ್ಣ ಬಳೀರಿ ಅಂದರು, ನೆರಳು ಕಡಿಮೆ ಮಾಡಬೇಡಿ ಅಂದರು. ಎಲ್ಲ ಮಾಡಿದ್ದೀವಿ. ಅದರ ಮೇಲೆ ನನಗೆ ಪ್ರೀತಿ ಹುಟ್ಟಬೇಕು ಅಂತೀಯಾ?

— ಪ್ರೀತಿ ಯಾಕೆ? ಆ ಹುಳದ ಬಣ್ಣ ಹೇಳಿ.

— ಬಣ್ಣ... ಕಪ್ಪು. ಮೇಲೆ ಬಿಳಿ ಗೀರು ಇರಬೇಕು. ಯಾಕೆ?

— ಇರಬೇಕು! ಮೂರು ತಲೆಮಾರು ಅದರ ಜೊತೆ ಯುದ್ಧ ಮಾಡಿ "ಇರಬೇಕು" ಅಂತೀರಿ. ಒಳಗೆ ಪೆಟ್ಟಿಗೆಗಳ ಮುಂದೆ ನೀವು ಎಷ್ಟು ಹೊತ್ತು ಬಗ್ಗಿ ನಿಂತಿದ್ದಿರಿ ಅಂತ ನಾನು ನೋಡಿದ್ದೀನಿ. ನಾನು ಆರ್ಕಿಡ್ ಕಡೆ ಹೋಗಿ ಬಂದರೂ ನೀವು ಅಲ್ಲೇ ಇದ್ದಿರಿ. ಕನ್ನಡಕ, ಪೆನ್ನು ಇಟ್ಟಿದ್ದರೆ ಅಷ್ಟು ಹೊತ್ತು ನಿಲ್ತಿದ್ದಿರಾ?

— ನೀರುದೋಸೆ ಬರಲಿ, ಆಮೇಲೆ ಮಾತಾಡು. ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿನ್ನದೆ ಹೋದರೆ ಯಾರೂ ನಂಬಲ್ಲ.

— ತಿನ್ನಿ ತಿನ್ನಿ. ಆದರೆ ಹೇಳಿ, ಮ್ಯೂಸಿಯಂನಲ್ಲಿ ನಿಮಗೆ ಬೇಕಾಗಿದ್ದು ಏನು?

— ಮನುಷ್ಯ ಬೇಕು ಮಗಾ. ಹುಟ್ಟಿದ್ದು 1938ರಲ್ಲಿ. ಅಪ್ಪ ಕುವೆಂಪು. ಮೈಸೂರಲ್ಲಿ ಎಂ.ಎ. ಮಾಡಿದವರು. ಕಾಲೇಜಿನಲ್ಲಿ ಮೇಷ್ಟ್ರಾಗಿ ಆರಾಮಾಗಿ ಇರಬಹುದಿತ್ತು. ಅದೆಲ್ಲ ಬಿಟ್ಟು ಮೂಡಿಗೆರೆ ಕಾಡಿಗೆ ಬಂದು ಕಾಫಿ ಹಾಕಿ ಕೂತರಲ್ಲ, ಯಾಕೆ? 1966ರಲ್ಲಿ ಪುರೋಹಿತರಿಲ್ಲದೆ, ಓಲಗ ಇಲ್ಲದೆ ಮಂತ್ರಮಾಂಗಲ್ಯದ ಮದುವೆ ಆದರು. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣಿನ ಮದುವೆಗೆ ತೋಟ ಅಡ ಇಡ್ತಿದ್ದರು. ಅಂಥ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಏನು ಮಾಡ್ತಿದ್ದ, ಯಾವ ಕುರ್ಚಿಯಲ್ಲಿ ಕೂತು ಬರೀತಿದ್ದ, ಅದು ನೋಡೋ ಆಸೆ ನನಗೆ. ಹ್ಯಾಂಡ್‌ಪೋಸ್ಟ್ ಹತ್ತಿರದ 'ನಿರುತ್ತರ'ವನ್ನೇ ಮ್ಯೂಸಿಯಂ ಮಾಡಿದ್ದರೆ ಆಗ್ತಿತ್ತು.

— ಅದು ಮನೆ ದೊಡ್ಡಪ್ಪ. ಅಲ್ಲಿ ಸಂಸಾರ ನಡೆದಿದೆ. 2007ರ ಏಪ್ರಿಲ್ 5ಕ್ಕೆ ಅವರು ಹೋದ ಮೇಲೂ ಹೆಂಡತಿ ರಾಜೇಶ್ವರಿಯವರು ಇದ್ದರು. ಅವರೂ ಬರೆದರು, 'ನನ್ನ ತೇಜಸ್ವಿ' ಓದಿದ್ದೀರಲ್ಲ. 2021ರ ಡಿಸೆಂಬರಿನಲ್ಲಿ ಅವರೂ ಹೋದರು. ಓದುಗರಿಗೆ ಆಸೆ ಇದೆ ಅಂತ ಒಬ್ಬರ ಮನೆಯ ಅಡುಗೆಕೋಣೆಗೆ ಹಗ್ಗ ಕಟ್ಟಿ "ಮುಟ್ಟಬಾರದು" ಬೋರ್ಡು ಹಾಕೋದು ನನಗೆ ಇಷ್ಟ ಇಲ್ಲ.

— ಹಂಗಾದರೆ ಕುಪ್ಪಳಿ? ಅಲ್ಲಿ ಕುವೆಂಪು ಮನೆಯನ್ನೇ ಕವಿಮನೆ ಮಾಡಿಲ್ಲವಾ? ನಾವೇ ಹೋಗಿ ನೋಡಿಬಂದಿಲ್ಲವಾ? ತೊಟ್ಟಿಮನೆ, ಉಪ್ಪರಿಗೆ, ಹಂಡೆ, ಮರದ ಕಂಬ. ಆಗ ನೀನೇ "ಅಬ್ಬಾ" ಅಂದೆ.

— ಕುಪ್ಪಳಿಯ ಲೆಕ್ಕ ಬೇರೆ. ಅದು ಒಬ್ಬರ ಮನೆ ಮಾತ್ರ ಅಲ್ಲ, ಒಂದು ಕಾಲದ ಮನೆ. 'ಕಾನೂರು ಹೆಗ್ಗಡಿತಿ' ಓದಿದವರಿಗೆ ಆ ಮನೆ ಮೊದಲೇ ಗೊತ್ತಿರುತ್ತೆ, ಬಾಗಿಲು ಎಲ್ಲಿದೆ ಅಂತ ಕೇಳಬೇಕಾಗಿಲ್ಲ. 1992ರಲ್ಲಿ ಪ್ರತಿಷ್ಠಾನ ಆಯ್ತು, ಮನೆ ಉಳಿಯಿತು, ಒಳ್ಳೆಯದೇ ಆಯ್ತು. ಆದರೆ 2015ರ ನವೆಂಬರ್ ನೆನಪು ಮಾಡ್ಕೊಳ್ಳಿ.

— ಕಳ್ಳತನ.

— ಹೌದು. ರಾತ್ರಿ ನುಗ್ಗಿ ಪದ್ಮ ಪದಕಗಳನ್ನು ಹೊತ್ತುಕೊಂಡು ಹೋದರು. ಕನ್ನಡಿಗರೆಲ್ಲ ಮನೆಯವರ ಒಡವೆ ಹೋದ ಹಾಗೆ ಸಂಕಟಪಟ್ಟರು. ಆದರೆ ಅದಾದ ಮೇಲೆ ಕುಪ್ಪಳಿಗೆ ಹೋಗೋರು ಕಡಿಮೆ ಆದರಾ? ಪದಕ ನೋಡೋಕೆ ಅಂತ ಹೋಗ್ತಿದ್ದೋರು ಯಾರು? ಜನ ಹೋಗೋದು ಕವಿಶೈಲದ ಬಂಡೆ ಮೇಲೆ ಕೂರೋಕೆ. ಕುವೆಂಪು ಸಮಾಧಿ ಅಲ್ಲಿದೆ ನಿಜ. ಅದಕ್ಕಿಂತ ಹೆಚ್ಚಾಗಿ, ಅವರು ಕೂತು ನೋಡಿದ ಕಾಡು ಇವತ್ತೂ ಕಣ್ಣೆದುರು ಇದೆ. ಬಂಡೆಯನ್ನು ಯಾವ ಕಳ್ಳ ಹೊತ್ತುಕೊಂಡು ಹೋಗ್ತಾನೆ?

— ಓಹೋ, ಇಲ್ಲಿಗೆ ತಂದೆಯಾ ಮಾತನ್ನು. ದೊಡ್ಡವರ ಸಾಮಾನು ತೋರಿಸಬೇಡಿ, ಅವರು ನೋಡಿದ್ದನ್ನು ತೋರಿಸಿ ಅಂತ.

— ಹೌದು. ಅದರಲ್ಲೂ ತೇಜಸ್ವಿ ವಿಷಯದಲ್ಲಿ ಬೇರೆ ದಾರಿಯೇ ಇಲ್ಲ. ಆ ಮನುಷ್ಯ ಇಡೀ ಜೀವಮಾನ ಮಾಡಿದ್ದೇ ನೋಡೋ ಕೆಲಸ. ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಹಕ್ಕಿಗೆ ಕಾಯೋದು, ಗಾಳ ಹಾಕಿಕೊಂಡು ಹೊಳೆ ದಂಡೆಯಲ್ಲಿ ಕೂರೋದು, ಏರೋಪ್ಲೇನ್ ಚಿಟ್ಟೆ ಹಿಂದೆ ಅಲೆಯೋದು. 'ಕನ್ನಡ ನಾಡಿನ ಹಕ್ಕಿಗಳು' ಬರೆದರು, 'ಮಿಂಚುಳ್ಳಿ' ಬರೆದರು. ಸಭೆಗೆ ಕರೆದರೆ ಬರ್ತಿರಲಿಲ್ಲ, ಹಾರ ತುರಾಯಿ ಅಂದರೆ ಆಗ್ತಿರಲಿಲ್ಲ. ಅಂಥವರ ಹೆಸರಲ್ಲಿ ಸರ್ಕಾರದ ಪ್ರತಿಷ್ಠಾನ ಒಂದು ಹಾಲಿನ ತುಂಬ ಶಾಲು, ಫಲಕ, ಸನ್ಮಾನಪತ್ರ ಜೋಡಿಸಿ ಇಟ್ಟಿದ್ದರೆ ಅವಮಾನ ಆಗ್ತಿತ್ತು. ಕೀಟ ಸಂಗ್ರಹ ಮಾಡಿದ್ದು ಸರಿ. ಯಾರು ಯೋಚನೆ ಮಾಡಿದರೋ, ಅವರು ತೇಜಸ್ವಿಯನ್ನು ಓದಿದವರು.

— ಮೈಸೂರಲ್ಲಿ ಆರ್.ಕೆ. ನಾರಾಯಣ್ ಮನೆ ಇದೆಯಲ್ಲ, ಯಾದವಗಿರಿಯಲ್ಲಿ. ಅಲ್ಲಿ ಅವರ ಕೋಟು, ಕನ್ನಡಕ, ಪುಸ್ತಕ ಎಲ್ಲ ಇಟ್ಟಿದ್ದಾರೆ. ನನಗೆ ಅದೂ ಚೆನ್ನಾಗೇ ಕಂಡಿತು. 2011ರಲ್ಲಿ ಒಡೆಯೋಕೆ ಹೊರಟಿದ್ದ ಮನೆ ಅದು. ಜನ ಗಲಾಟೆ ಮಾಡಿ ಉಳಿಸಿದರು, ಪಾಲಿಕೆ ತಗೊಂಡು ರಿಪೇರಿ ಮಾಡಿ 2016ರಲ್ಲಿ ಬಾಗಿಲು ತೆಗೆಯಿತು. ಆ ಕಿಟಕಿಗಳ ಬೆಳಕಲ್ಲಿ ನಿಂತರೆ ಏನೋ ಒಂದು ಅನ್ನಿಸುತ್ತೆ ಮಗಾ. ನೀನು ಹೇಳೋದು ಪೂರ್ತಿ ಒಪ್ಪೋಕಾಗಲ್ಲ.

— ಪೂರ್ತಿ ಒಪ್ಪಬೇಡಿ. ನಾರಾಯಣ್ ಕೂತಲ್ಲೇ ಒಂದು ಊರು ಕಟ್ಟಿದವರು. ಅವರ ಕಿಟಕಿ ಮುಖ್ಯ, ಯಾಕಂದರೆ ಇಲ್ಲದ ಊರಿನ ಎಷ್ಟೋ ಕಥೆ ಅವರು ಬರೆದಿದ್ದು ಆ ಮನೆಯಲ್ಲೇ. ಅದಕ್ಕೇ ತಮಾಷೆ ನೋಡಿ, ಮಾಲ್ಗುಡಿ ಅನ್ನೋ ಊರೇ ಇಲ್ಲ, ಆದರೆ ಶಿವಮೊಗ್ಗ ಕಡೆಯ ಅರಸಾಳು ರೈಲ್ವೆ ಸ್ಟೇಷನ್‌ನಲ್ಲಿ ಅದಕ್ಕೊಂದು ಮ್ಯೂಸಿಯಂ ಇದೆ! ಶಂಕರ್‌ನಾಗ್ ಅಲ್ಲಿ ಮಾಲ್ಗುಡಿ ಧಾರಾವಾಹಿಯ ಶೂಟಿಂಗ್ ಮಾಡಿದ್ದಕ್ಕೆ.

— ಹಾಗಂದರೆ ಇಲ್ಲಿ ಕೊಟ್ಟಿಗೆಹಾರದಲ್ಲಿ 'ಜುಗಾರಿ ಕ್ರಾಸ್' ಅಂತ ಒಂದು ಬೋರ್ಡು ನೆಡಬಹುದು. ಜೊತೆಗೆ ತೇಜಸ್ವಿ ಕಥೆಗಳ ಕೆಸರೂರು, ಅಬಚೂರು ಎರಡಕ್ಕೂ ಒಂದೊಂದು ಬಸ್‌ಸ್ಟಾಪು.

— ದಯವಿಟ್ಟು ಆ ಐಡಿಯಾ ಯಾರಿಗೂ ಹೇಳಬೇಡಿ. ನಾಳೆಯೇ ಸೆಲ್ಫಿ ಪಾಯಿಂಟ್ ಮಾಡ್ತಾರೆ. ಮೊದಲೇ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಸಿನಿಮಾ ಬಂದ ಮೇಲೆ ಹುಡುಗರ ಗುಂಪು ಗುಂಪೇ ತೇಜಸ್ವಿ ಅಂತ ಹೊರಟಿದೆ.

— ಬಂದರೆ ಬರಲಿ ಬಿಡು. ತೇಜಸ್ವಿಯ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ ಅಲ್ವ ಅದು. ಪುಸ್ತಕ ಓದಿ ಸಿನಿಮಾಕ್ಕೆ ದುಡ್ಡು ಹಾಕೋ ಜನ ಬೇರೆ ಯಾವ ಸಾಹಿತಿಗೆ ಸಿಕ್ಕಿದ್ದಾರೆ ಹೇಳು. ಸರಿ, ನಿನ್ನ ಹುಳಕ್ಕೇ ಬರ್ತೀನಿ. ನನಗೊಂದು ಅನುಮಾನ. ಇದನ್ನು ನೀನು ಮೇಡಂ ಆಗಿ ಬಗೆಹರಿಸಬೇಕು.

— ಕೇಳಿ.

— 'ಕರ್ವಾಲೊ' ಕಥೆ ಏನು? ಒಂದು ಹಾರುವ ಓತಿ ಹುಡುಕಿಕೊಂಡು ಅಷ್ಟು ಜನ ಕಾಡಿಗೆ ಹೋಗ್ತಾರೆ. ಕರ್ವಾಲೊ ಇದಾರೆ, ಮಂದಣ್ಣ ಇದಾನೆ, ಪ್ರಭಾಕರ, ಬಿರಿಯಾನಿ ಕರಿಯಪ್ಪ, ಪ್ಯಾರ, ಆ ನಾಯಿ ಕಿವಿ. ಎಲ್ಲ ಹೋಗಿ, ಕಷ್ಟಪಟ್ಟು, ಕೊನೆಗೆ ಅದು ಕೈಗೆ ಸಿಗ್ತಾ? ಇಲ್ಲ. ಅವರ ಕಣ್ಣ ಮುಂದೆಯೇ ಹಾರಿ ಹೋಯ್ತು. ಅದು ಸಿಕ್ಕಿದ್ದರೆ ಏನಾಗ್ತಿತ್ತು? ಬಾಟಲಿಯಲ್ಲಿ ಹಾಕಿ ಲೇಬಲ್ ಅಂಟಿಸ್ತಿದ್ದರು. ಆ ಪುಸ್ತಕಕ್ಕೆ ನಾವು ಯಾರೂ ಮರುಳಾಗ್ತಿರಲಿಲ್ಲ. ಜೀವ ಹಾರಿಹೋಗೋದನ್ನು ಸುಮ್ಮನೆ ನೋಡಿ ಅಂತ ಬರೆದ ಮನುಷ್ಯನ ಹೆಸರಲ್ಲಿ, ಸೂಜಿ ಚುಚ್ಚಿ ಹುಳ ನಿಲ್ಲಿಸಿದ್ದಾರಲ್ಲ, ಇದು ಸರಿಯಾ?

— ಅಯ್ಯೋ ದೊಡ್ಡಪ್ಪ!

— ಯಾಕೆ? ಮೇಡಂ ಹತ್ತಿರ ಉತ್ತರ ಇಲ್ಲವಾ?

— ಇದೆ. ಆದರೆ ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಯಾವ ಹುಡುಗನೂ ಕೇಳಿಲ್ಲ. ನೋಡಿ, ಮಂದಣ್ಣ ಯಾರು? ಊರಿನವರ ಕಣ್ಣಲ್ಲಿ ಕೆಲಸಕ್ಕೆ ಬಾರದವನು. ಅವನಿಗೆ ಬೇಕಾಗಿದ್ದು ಒಂದು ಮದುವೆ, ಒಂದು ಸಣ್ಣ ನೌಕರಿ. ಅವನು ಕಾಡಲ್ಲಿ ಓತಿ ನೋಡಿದ್ದ. ಆದರೆ ಅದು ಏನು, ಎಂಥ ದೊಡ್ಡ ಸಂಗತಿ ಅಂತ ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ಕರ್ವಾಲೊ. ಕರ್ವಾಲೊಗೆ ಹೇಗೆ ಗೊತ್ತು? ಸೂಜಿ ಚುಚ್ಚಿದ ಸಾವಿರಾರು ಹುಳಗಳನ್ನು ನೋಡಿ ನೋಡಿ ಗೊತ್ತು. ಸತ್ತ ಹುಳ ನೋಡದವನಿಗೆ ಬದುಕಿದ ಹುಳದ ಹೆಸರು ಗೊತ್ತಾಗಲ್ಲ. ಹಾರುವ ಹುಳ ಕಣ್ಣಿಗೆ ಸಿಗೋದೇ ಒಂದು ಕ್ಷಣ, ಅಷ್ಟರಲ್ಲಿ ಅದರ ಕಾಲು ಎಣಿಸೋಕಾಗುತ್ತಾ?

— ಅಂದರೆ ಪೆಟ್ಟಿಗೆ ಇರಲಿ ಅಂತೀಯ.

— ಇರಲಿ. ಆದರೆ ಪೆಟ್ಟಿಗೆ ನೋಡಿದವರು ಮನೆಗೆ ಹೋಗಬಾರದು, ಹೊರಗೆ ಕಾಡಿಗೆ ಹೋಗಬೇಕು. ಪ್ರತಿಷ್ಠಾನದವರು ಚಾರಣ, ಶಿಬಿರ ಅಂತ ಮಾಡ್ತಾರಲ್ಲ, ಅಲ್ಲಿಗೆ ಲೆಕ್ಕ ಸರಿಹೋಗುತ್ತೆ. ಫ್ರಾನ್ಸಿನಲ್ಲಿ ಫಾಬ್ರ್ ಅಂತ ಒಬ್ಬ ಮೇಷ್ಟ್ರಿದ್ದ ದೊಡ್ಡಪ್ಪ, ಜಾನ್ ಆನ್ರಿ ಫಾಬ್ರ್. ಬಡವ. ಜೀವನ ಪೂರ್ತಿ ಹುಳ ನೋಡಿದವನು. 1879ರಲ್ಲಿ ಸೆರಿನ್ಯಾನ್ ಅನ್ನೋ ಹಳ್ಳಿಯಲ್ಲಿ ಒಂದು ಜಮೀನು ತಗೊಂಡ. ಬರೀ ಕಲ್ಲು, ಮುಳ್ಳುಗಿಡ. ಊರವರು ಯಾರೂ ಮುಟ್ಟದ ನೆಲ. ಅವನಿಗೆ ಅದೇ ಬೇಕಿತ್ತು, ಯಾಕಂದರೆ ಕಣಜಗಳಿಗೆ, ಕಾಡುಜೇನಿಗೆ ಅಂಥ ಜಾಗ ಇಷ್ಟ. ಸಾಯೋ ತನಕ, 1915ರ ತನಕ ಅಲ್ಲೇ ಇದ್ದು ಹತ್ತು ಸಂಪುಟ ಬರೆದು ಮುಗಿಸಿದ. ಆಮೇಲೆ ಸರ್ಕಾರ ಅದನ್ನು ತಗೊಂಡು ಮ್ಯೂಸಿಯಂ ಮಾಡ್ತು. ಅಲ್ಲಿ ಅವನ ಮೇಜೂ ಇದೆ, ಸಂಗ್ರಹವೂ ಇದೆ. ಆದರೆ ತೋಟವನ್ನೂ ಉಳಿಸಿದ್ದಾರೆ. ಅವನು ನೋಡ್ತಿದ್ದ ಹುಳಗಳ ಮೊಮ್ಮಕ್ಕಳು ಇವತ್ತೂ ಆ ಗಿಡಗಳ ಮೇಲೆ ಓಡಾಡ್ತವೆ. ನನ್ನ ಪ್ರಕಾರ ಸಾಹಿತಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಇಲ್ಲ.

— ನೀನು ಫ್ರಾನ್ಸಿಗೆ ಹೋಗಿಬಂದೆ. ನಾನು ಮಲ್ಲಂದೂರಿಗೆ ವಾಪಸ್ ಬರ್ತೀನಿ. ನಮ್ಮ ಮೇಸ್ತ್ರಿ ನೆನಪಿದೆಯಾ? ಕೆಳಗಿನ ರೋಬಸ್ಟ ತಾಕಿನಲ್ಲಿ ಕುಯ್ಲಿಗೆ ಹೆಂಗಸರನ್ನು ಇಳಿಸೋ ಮೊದಲು ಅವನೊಬ್ಬನೇ ಒಂದು ಸುತ್ತು ಹೋಗಿ ಬರ್ತಿದ್ದ. ಯಾಕೆ ಗೊತ್ತಾ?

— ಹಾವು ಇದೆಯಾ ನೋಡೋಕೆ?

— ಚಗಳಿ. ಕೆಂಪು ಚಗಳಿ ಗೂಡು ಎಲ್ಲೆಲ್ಲಿ ಇದೆ ಅಂತ ಗುರುತು ಹಾಕೋಕೆ. ಗೂಡಿಗೆ ಕೈ ತಗಲಿತು ಅಂದರೆ ಕುತ್ತಿಗೆ, ಬೆನ್ನು, ಸೀರೆ ಒಳಗೆಲ್ಲ ಸುರಿಯುತ್ತೆ. ಕಚ್ಚಿ ಹಿಡಿದರೆ ತಲೆ ಕಿತ್ತರೂ ಬಿಡಲ್ಲ. ಒಂದು ಸಲ ನಾನೂ ಅವನ ಜೊತೆ ಹೋದೆ. ಅವು ಹೊಸ ಗೂಡು ಕಟ್ತಾ ಇದ್ವು. ಒಂದು ಎಲೆಯ ಅಂಚಿಗೆ ಸಾಲಾಗಿ ನಿಂತು ಪಕ್ಕದ ಎಲೆಯನ್ನು ಬಾಯಲ್ಲಿ ಹಿಡಿದು ಎಳೀತಾವೆ. ಎಟುಕದಿದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ ಮಾಡ್ಕೊಳ್ತಾವೆ. ಎಲೆ ಎರಡೂ ಹತ್ತಿರ ಬಂದ ಮೇಲೆ ಮೇಸ್ತ್ರಿ "ಈಗ ನೋಡಿ ಗೌಡ್ರೇ" ಅಂದ. ಒಳಗಿಂದ ಬೇರೆ ಚಗಳಿಗಳು ಬಂದ್ವು, ಬಾಯಲ್ಲಿ ಬಿಳಿ ಮರಿ ಇತ್ತು. ಆ ಮರಿಯನ್ನು ಈ ಅಂಚಿಗೆ ಮುಟ್ಟಿಸಿ, ಆ ಅಂಚಿಗೆ ಮುಟ್ಟಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸ್ತಾವೆ. ಮರಿ ಬಾಯಿಂದ ನೂಲು ಬರುತ್ತೆ. ಆ ನೂಲಲ್ಲೇ ಎಲೆ ಹೊಲಿಯೋದು. ದೊಡ್ಡವಕ್ಕೆ ನೂಲು ಇಲ್ಲ, ಮರಿಗೆ ಮಾತ್ರ ಇರೋದು. ನಾನು ಅಷ್ಟು ವರ್ಷ ಆ ಗೂಡುಗಳಿಗೆ ಬೈದುಕೊಂಡು ಓಡಾಡಿದ್ದೆ. ಚಟ್ನಿ ಮಾಡಿ ತಿಂದಿದ್ದೂ ಇದೆ. ಅದು ಹೀಗೆ ಅಂತ ಮೇಸ್ತ್ರಿ ತೋರಿಸಿದ ಮೇಲೆಯೇ ಗೊತ್ತಾಗಿದ್ದು.

— ನನಗೆ ಯಾಕೆ ಇದನ್ನು ಯಾವತ್ತೂ ಹೇಳಲಿಲ್ಲ?

— ನೀನು ಹಾಸ್ಟೆಲಲ್ಲಿ ಇದ್ದೆ. ಮೇಸ್ತ್ರಿಗೆ ಇವತ್ತೂ ಅಕ್ಷರ ಬರಲ್ಲ. ಆದರೆ ಜೇನಿನ ವಿಷಯಕ್ಕೆ ಅವನನ್ನು ಬಿಟ್ಟರೆ ಇಲ್ಲ. ಹೆಜ್ಜೇನು, ಕೋಲುಜೇನು, ತುಡುವೆ, ನಸರಿ, ಯಾವುದು ಯಾವ ಹೂವಿಗೆ ಯಾವ ತಿಂಗಳು ಹೋಗುತ್ತೆ ಅಂತ ಅವನ ಬಾಯಲ್ಲಿ ಇದೆ. ನಾನು ಒಳಗೆ ಆ ಪೆಟ್ಟಿಗೆಗಳ ಮುಂದೆ ನಿಂತು ಯೋಚನೆ ಮಾಡಿದ್ದು ಅದೇ. ಹುಳ ಇದೆ, ಹೆಸರು ಇದೆ. ಆ ಹುಳವನ್ನು ಮೊದಲು ನೋಡಿದವನು ಎಲ್ಲಿ? ತೇಜಸ್ವಿ ಪುಸ್ತಕಗಳಲ್ಲಿ ದೊಡ್ಡವರೆಲ್ಲ ಅಂಥವರೇ ಅಲ್ವ? ಮಂದಣ್ಣ, ಪ್ಯಾರ, ತಬರ.

— ತಬರ ಹುಳ ನೋಡಿದವನಲ್ಲ ದೊಡ್ಡಪ್ಪ.

— ಗೊತ್ತು. ಕಾಸರವಳ್ಳಿ ಸಿನಿಮಾ ನೋಡಿದ್ದೀನಿ. ಆಫೀಸಿನಿಂದ ಆಫೀಸಿಗೆ ಅಲೆದವನು. ಅವನಿಗೂ ಒಂದು ಕಪಾಟು ಸಿಗಬೇಕು ಅಂದರೆ ತಪ್ಪೇನು? ಪಿಂಚಣಿ ಅರ್ಜಿಗಳದ್ದು.

— ತಮಾಷೆ ಬಿಡಿ, ಹುಳವನ್ನು ಮೊದಲು ನೋಡಿದವನು ಎಲ್ಲಿ ಅಂದಿರಲ್ಲ, ಆ ಮಾತು ದೊಡ್ಡದು. ಸಾಮಾನ್ಯವಾಗಿ ಮ್ಯೂಸಿಯಂನವರು ಒಬ್ಬ ದೊಡ್ಡ ಮನುಷ್ಯನನ್ನು ಸುತ್ತಲಿನವರಿಂದ ಬೇರೆ ಮಾಡಿ ಎತ್ತರದಲ್ಲಿ ಇಡ್ತಾರೆ. ಸುತ್ತಲಿನವರ ಹೆಸರೇ ಇರಲ್ಲ. ತೇಜಸ್ವಿ ಬರೆದಿದ್ದು ಅದಕ್ಕೆ ತದ್ವಿರುದ್ಧ. 'ಕರ್ವಾಲೊ'ದಲ್ಲಿ ನಾಯಕನೇ ಸುತ್ತಲಿನವನು, ಸಾಹಿತಿ ಸುಮ್ಮನೆ ಹಿಂದೆ ಹಿಂದೆ ಹೋಗ್ತಾನೆ.

— ನನಗೆ ಒಂದು ವಸ್ತು ಇಡೋ ಅಧಿಕಾರ ಕೊಟ್ಟರೆ ಏನು ಇಡ್ತೀನಿ ಹೇಳಲಾ? ಖಾಲಿ ತುಡುವೆ ಪೆಟ್ಟಿಗೆ.

— ಖಾಲಿ ಯಾಕೆ?

— 'ಕರ್ವಾಲೊ' ಬಂದಿದ್ದು 1980ರಲ್ಲಿ. ಶುರುವಾಗೋದೇ ಮೂಡಿಗೆರೆ ಜೇನು ಸೊಸೈಟಿಯಿಂದ. ಆಗ ನಮ್ಮ ಕಡೆ ಮನೆ ಮನೆಯಲ್ಲಿ ತುಡುವೆ ಪೆಟ್ಟಿಗೆ ಇರ್ತಿತ್ತು. ಕಾಫಿ ಹೂವು ಆದ ಮೇಲೆ ತುಪ್ಪ ತೆಗೆದು ಸೊಸೈಟಿಗೆ ಹಾಕ್ತಿದ್ದರು. 1991, 92ರಲ್ಲಿ ಆ ರೋಗ ಬಂತು. ಥಾಯ್ ಸ್ಯಾಕ್ ಬ್ರೂಡ್ ಅಂದರು. ಮರಿಗಳು ಗೂಡಿನಲ್ಲೇ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯ್ತಿದ್ವು. ದಕ್ಷಿಣ ಭಾರತದಲ್ಲೆಲ್ಲ ತುಡುವೆ ಕುಟುಂಬಗಳು ನೂರಕ್ಕೆ ತೊಂಬತ್ತರ ಮೇಲೆ ಹೋದವು. ನಮ್ಮ ಮನೆ ಪೆಟ್ಟಿಗೆಗಳು ಖಾಲಿ ಆದವು. ಅಜ್ಜಿ ಅವನ್ನು ಒಡೆದು ಒಲೆಗೆ ಹಾಕೋಕೆ ಬಿಡಲಿಲ್ಲ, ಅಟ್ಟಕ್ಕೆ ಹಾಕಿಸಿದಳು. ಈಗಿನ ಹುಡುಗರು ಆ ಕಾದಂಬರಿ ಓದಿದರೆ ಜೇನು ಸೊಸೈಟಿ ಅನ್ನೋದು ಕಥೆಗೆ ಕಟ್ಟಿದ್ದು ಅಂತ ತಿಳ್ಕೊಳ್ತಾರೆ. ಕಟ್ಟಿದ್ದಲ್ಲ, ಅದು ಬದುಕು. ಹೋದ ಬದುಕು.

— ಪೂರ್ತಿ ಹೋಗಲಿಲ್ಲವಲ್ಲ. ಮತ್ತೆ ತುಡುವೆ ಬಂದಿದೆ ತೋಟಕ್ಕೆ.

— ಬಂದಿದೆ. ಉಳಿದ ಗಟ್ಟಿ ಕುಟುಂಬಗಳಿಂದ ನಿಧಾನಕ್ಕೆ ಹೆಚ್ಚಾಯ್ತು. ಕೊಡಗಿನಲ್ಲಿ, ಇಲ್ಲಿ ಮತ್ತೆ ಸಾಕೋರು ಇದ್ದಾರೆ. ಆದರೆ ಅಂದಿನ ಹಾಗೆ ಇಲ್ಲ. ಒಂದು ಹಳೇ ಪೆಟ್ಟಿಗೆ ಇಟ್ಟು, ಪಕ್ಕದಲ್ಲಿ ಈ ಕಥೆ ಬರೆದು, ಕೆಳಗೆ ತುಡುವೆ ಸಾಕಿದ ನಾಲ್ಕು ಜನ ಕೂಲಿಯವರ ಹೆಸರು ಬರೀಲಿ. ತೇಜಸ್ವಿ ಹೆಸರು ಬರೆಯೋದೇ ಬೇಡ. ಓದಿದವನಿಗೆ ತಾನಾಗೇ ಗೊತ್ತಾಗುತ್ತೆ.

— ಬೆಳಿಗ್ಗೆ ಸ್ಕೂಟರು ಕೇಳ್ತಿದ್ದವರು ಇವರೇನಾ?

— ಸ್ಕೂಟರೂ ಇರಲಿ, ಬೇಡ ಅಂದೆನಾ? ರಿಪೇರಿಗೆ ಬಿಚ್ಚಿಹಾಕಿದ ಸ್ಥಿತಿಯಲ್ಲೇ ಇಟ್ಟರೆ ಸರಿ.

— ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾಟ ಇದೆಯಲ್ಲ, ತೇಜಸ್ವಿ ಪ್ರಸಂಗಗಳದ್ದು. ಯಾರನ್ನು ಕೇಳಿದರೂ ಒಂದು ಹೇಳ್ತಾರೆ. ಪೆಟ್ರೋಲ್ ಬಂಕಿನಲ್ಲಿ ಹೀಗಂದರಂತೆ, ಮಂತ್ರಿ ಬಂದಾಗ ಹಾಗಂದರಂತೆ, ಫೋಟೋ ತೆಗೆಯೋಕೆ ಹೋದವನನ್ನು ಅಟ್ಟಿದರಂತೆ. ಕೆಲವರು ಅವನ್ನೆಲ್ಲ ರೆಕಾರ್ಡ್ ಮಾಡಿ ಮ್ಯೂಸಿಯಂನಲ್ಲಿ ಇಡಬೇಕು ಅಂತಾರೆ.

— ಬೇಡವೇ ಬೇಡ. ನಾನು ಅವರನ್ನು ದೂರದಿಂದಲೂ ಕಂಡವನಲ್ಲ. ಆದರೂ ನನಗೇ ಹತ್ತು ಪ್ರಸಂಗ ಗೊತ್ತು. ಹೇಳ್ತಾ ಹೇಳ್ತಾ ಹನ್ನೊಂದನೆಯದು ನಾನೇ ಹುಟ್ಟಿಸಿಬಿಡ್ತೀನಿ. ಎಲ್ಲ ಪ್ರಸಂಗಗಳಲ್ಲೂ ಅವರು ಸಿಡುಕಿನ ಮನುಷ್ಯ, ಒಂದು ಡೈಲಾಗ್ ಹೊಡೆದು ಹೋಗ್ತಾರೆ. ಅಂಥವರಿಗೆ 'ಪರಿಸರದ ಕತೆ' ಬರೆಯೋಕಾಗುತ್ತಾ? ಅದಕ್ಕೆ ತಾಳ್ಮೆ ಬೇಕು. ಕೂತು ಬರೆದ ಹೊತ್ತು ಯಾರ ಪ್ರಸಂಗದಲ್ಲೂ ಇಲ್ಲ, ಯಾಕಂದರೆ ಅದನ್ನು ನೋಡೋಕೆ ಯಾರೂ ಇರಲಿಲ್ಲ.

— ಇದನ್ನು ನಾನು ಬರ್ಕೊಳ್ತೀನಿ.

— ಬರ್ಕೋ. ಮಾಸಪತ್ರಿಕೆಗೆ ಕಳಿಸ್ತೀಯಾ? ನನ್ನ ಹೆಸರು ಹಾಕಬೇಡ, ಬೋರರ್ ವಿಷಯಕ್ಕೆ ಕಾಫಿ ಬೋರ್ಡಿನವರು ಮನೆಗೆ ಬಂದು ಪಾಠ ಮಾಡ್ತಾರೆ.

— ಹಾಕಲ್ಲ. ಒಂದು ಕೇಳ್ತೀನಿ ಹೇಳಿ. ನಮ್ಮ ಮಲ್ಲಂದೂರಲ್ಲಿ ಒಂದು ಮ್ಯೂಸಿಯಂ ಮಾಡೋದಾದರೆ ಯಾರ ಹೆಸರಲ್ಲಿ ಮಾಡ್ತೀರಿ?

— ನಮ್ಮಲ್ಲಿ ಯಾರು ದೊಡ್ಡವರಾಗಿದ್ದಾರೆ? ಒಂದು ಕಡೆ ಬಾಬಾಬುಡನ್‌ಗಿರಿ, ಅಲ್ಲಿ ಏಳು ಕಾಫಿ ಬೀಜದ ಕಥೆ. ಇನ್ನೊಂದು ಕಡೆ ಮುತ್ತೋಡಿ ಕಾಡು. ಮಧ್ಯದಲ್ಲಿ ನಾವು ಮಳೆ ಲೆಕ್ಕ ಬರೆದುಕೊಂಡು ಕೂತಿದ್ದೀವಿ.

— ಅದೇ. ಆ ಮಳೆ ಲೆಕ್ಕ! ಪ್ರತಿ ಎಸ್ಟೇಟಿನಲ್ಲಿ ರೈಟರು ಮಳೆ ಮಾಪಕ ನೋಡಿ ದಿನಾ ಬರೆದ ಪುಸ್ತಕ ಇರುತ್ತೆ. ಅಜ್ಜನ ಕಾಲದ್ದು ನಮ್ಮ ಮನೆಯಲ್ಲೇ ಇದೆ. ಹೂಮಳೆ ಯಾವಾಗ ಬಂತು, ಹಿಂಗಾರು ಯಾವಾಗ ಕೈಕೊಟ್ಟಿತು ಎಲ್ಲ ಇದೆ. ಶಾಲೆಯ ಒಂದು ರೂಮು ಸಾಕು. ಮಳೆ ಪುಸ್ತಕಗಳು, ಮಕ್ಕಳು ತಂದ ಹುಳ, ಮೇಸ್ತ್ರಿ ಹೇಳಿದ ಹೆಸರು. ದೊಡ್ಡ ಮನುಷ್ಯರು ಇಲ್ಲದಿದ್ದರೂ ನಡೆಯುತ್ತೆ.

— ಗೆದ್ದಲು ತಿಂದಿರುತ್ತೆ ಪುಸ್ತಕವನ್ನು. ಹೋಗಿ ನೋಡ್ತೀನಿ. ಈಗ ಬಿಲ್ಲು ತಾ. ಬರೆಯೋದಾದರೆ ಹೊಗಳಿಕೆ ಕಡಿಮೆ ಮಾಡಿ ಉಪಯೋಗಕ್ಕೆ ಬರೋದು ನಾಲ್ಕು ಮಾತು ಬರಿ. ಬರುವವರು ವಾರಾಂತ್ಯ ಬಿಟ್ಟು ಬರಲಿ. ಧರ್ಮಸ್ಥಳಕ್ಕೋ ಹೊರನಾಡಿಗೋ ಹೋಗೋ ದಾರಿಯಲ್ಲಿ ಅರ್ಧ ಗಂಟೆ ಅಂತ ಇಳಿಯೋರಿಗೆ ಏನೂ ಕಾಣಲ್ಲ. ಮಕ್ಕಳನ್ನು ಕರ್ಕೊಂಡು ಬರಲಿ, 'ಕರ್ವಾಲೊ' ಮೊದಲೇ ಓದಿಸಿ ಕರ್ಕೊಂಡು ಬರಲಿ. ತೋಟದವರಾದರೆ ಜೊತೆಗೆ ಹಳೇ ಕೂಲಿಯವರು ಒಬ್ಬರನ್ನು ಕೂರಿಸ್ಕೊಂಡು ಬರಲಿ. ಪೆಟ್ಟಿಗೆ ಮುಂದೆ ಅವರನ್ನು ನಿಲ್ಲಿಸಿ, ಇದಕ್ಕೆ ನೀವು ಏನಂತೀರಿ ಅಂತ ಕೇಳಿ, ಹೇಳಿದ್ದನ್ನು ಪ್ರತಿಷ್ಠಾನದವರಿಗೆ ಬರೆದುಕೊಟ್ಟು ಹೋಗಲಿ.

— ಯಾವ ತಿಂಗಳು ಒಳ್ಳೇದು ಅಂತ ಬರೀಲಿ?

— ಮಳೆ ಹಿಡಿದ ಮೇಲೆ. ಆಗ ಒಳಗೆ ಇರೋದರ ಜೊತೆ ಹೊರಗೂ ಹುಳ ಇರ್ತವೆ. ಮಂಗಳೂರು ಕಡೆಯಿಂದ ಬರೋರು ಮಾತ್ರ ವಿಚಾರಿಸ್ಕೊಂಡು ಹೊರಡಬೇಕು, ಜೋರು ಮಳೆಗೆ ಚಾರ್ಮಾಡಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗೋದುಂಟು. ನಮ್ಮ ಕಡೆಯವರಿಗೆ ಆ ತಾಪತ್ರಯ ಇಲ್ಲ. ಮೂಡಿಗೆರೆ ಮೇಲೆ ಬಂದರೆ ಘಾಟಿ ಇಳಿಯೋ ಮೊದಲೇ ಕೊಟ್ಟಿಗೆಹಾರ ಸಿಗುತ್ತೆ.